ಬಟ್ಟೆ ಡೈಪರ್, ಬಟ್ಟೆ ಪ್ಯಾಡ್: ಮಲೆನಾಡಿನ ಮಳೆಗೂ ಬೆಂಗಳೂರಿನ ಬೋರ್‌ವೆಲ್ ನೀರಿಗೂ ಹೊಂದುವ ಹಾಗೆ ಏನು, ಎಷ್ಟು ತಗೊಳ್ಳಬೇಕು?

ಮಳೆ_ಬಾಣಂತನ ಕೇಳಿದ್ದು:

ಹೆರಿಗೆ ತಾರೀಖು ಜೂನ್ ಮೊದಲ ವಾರ. ಬಾಣಂತನ ತವರಿನಲ್ಲಿ, ತೀರ್ಥಹಳ್ಳಿ ಹತ್ತಿರದ ಹಳ್ಳಿ. ಸೆಪ್ಟೆಂಬರ್ ಕೊನೆಗೆ ವಾಪಸ್ ಬೆಂಗಳೂರು, ವೈಟ್‌ಫೀಲ್ಡ್ ಕಡೆ ಅಪಾರ್ಟ್‌ಮೆಂಟ್. ಊರಲ್ಲಿ ಬಾವಿ ನೀರು ಮೆತ್ತಗಿದೆ, ಆದರೆ ಮೂರು ತಿಂಗಳು ಬಿಸಿಲಿನ ಮುಖ ಕಾಣಲ್ಲ. ಬೆಂಗಳೂರಲ್ಲಿ ಬಾಲ್ಕನಿಗೆ ಬಿಸಿಲು ಧಾರಾಳ, ನೀರು ಮಾತ್ರ ಬೋರ್‌ವೆಲ್ ಮತ್ತು ಟ್ಯಾಂಕರ್. ಬಕೆಟ್ಟಿಗೆ ಬಿಳಿ ಕರೆ ಕಟ್ಟುತ್ತೆ. ವಾಷಿಂಗ್ ಮಷೀನ್ 6.5 ಕೆ.ಜಿ. ಟಾಪ್ ಲೋಡ್, ಹೀಟರ್ ಇಲ್ಲ. ಊರಲ್ಲಿ ಕೈಯಲ್ಲೇ ಒಗೆಯೋದು.

ಮಗುವಿಗೆ ಬಟ್ಟೆ ಡೈಪರ್, ನನಗೆ ಬಟ್ಟೆ ಪ್ಯಾಡ್, ಎರಡಕ್ಕೂ ಒಟ್ಟಿಗೆ ಬದಲಾಯಿಸಬೇಕು ಅಂತ ಯೋಚನೆ. ಯಾವ ಬ್ರ್ಯಾಂಡ್ ಒಳ್ಳೆಯದು ಅನ್ನೋದಕ್ಕಿಂತ ಇವು ಬೇಕಿತ್ತು: ಯಾವ ಬಗೆಯದು, ಎಷ್ಟು? ಮಳೆಯಲ್ಲಿ ಒಣಗಿಸೋದು ಹೇಗೆ? ಗಡಸು ನೀರಲ್ಲಿ ಒಗೆದರೆ ವಾಸನೆ ಬರುತ್ತೆ ಅಂತಾರಲ್ಲ, ಯಾಕೆ? ಹೆರಿಗೆ ಆದ ತಕ್ಷಣದ ರಕ್ತಸ್ರಾವಕ್ಕೆ ಬಟ್ಟೆ ಪ್ಯಾಡ್ ನಡೆಯುತ್ತಾ?

ಹತ್ತಿ_ಚೌಕ ಉತ್ತರ:

ಮೊದಲು ಒಂದು ಎಚ್ಚರಿಕೆ. "5ರಿಂದ 17 ಕೆ.ಜಿ." ಅಂತ ಬರೆದಿರುವ ಒನ್ ಸೈಜ್ ಪಾಕೆಟ್ ಡೈಪರನ್ನು (ಒಳಗಿನ ಜೇಬಿಗೆ ಹೀರುವ ಪಟ್ಟಿ ತೂರಿಸುವಂಥದ್ದು) ಹಸುಗೂಸಿನ ಲೆಕ್ಕಕ್ಕೆ ಹಿಡಿಯಬೇಡಿ. ನಮ್ಮಲ್ಲಿ ಮಕ್ಕಳು ಹುಟ್ಟುವಾಗ ಸಾಮಾನ್ಯವಾಗಿ ಎರಡೂವರೆ, ಮೂರು ಕೆ.ಜಿ. ಇರುತ್ತವೆ. ಇದ್ದಬದ್ದ ಬಟನ್ನೆಲ್ಲ ಹಾಕಿ ಚಿಕ್ಕದು ಮಾಡಿದರೂ ತೊಡೆ ಹತ್ತಿರ ಬೆರಳು ತೂರುವಷ್ಟು ಸಂದು ಉಳಿಯುತ್ತೆ, ಸೋರೋದು ಅಲ್ಲಿಂದಲೇ. ಮಗು ನಾಲ್ಕೂವರೆ, ಐದು ಕೆ.ಜಿ. ಆಗುವವರೆಗೆ ಅವು ಕಪಾಟಿನಲ್ಲಿರಲಿ.

ನಿಮ್ಮ ಸಂದರ್ಭಕ್ಕೆ ಹೇಳಿ ಮಾಡಿಸಿದ್ದು ಹಳೆಯ ಚೌಕದ ಬಟ್ಟೆ, ಮೇಲೊಂದು ಪಿಯುಎಲ್ ಕವರ್. ಪಿಯುಎಲ್ ಅಂದರೆ ಒಳಮೈಗೆ ಪಾಲಿಯುರೆಥೇನ್ ಪೊರೆ ಅಂಟಿಸಿದ ಪಾಲಿಯೆಸ್ಟರ್ ಬಟ್ಟೆ. ನೀರು ಹೊರಗೆ ಬಿಡಲ್ಲ, ಆದರೆ ರಬ್ಬರ್ ಚಡ್ಡಿಯಷ್ಟು ಬೇಯಿಸಲ್ಲ. ಒದ್ದೆಯಾದಾಗ ಚೌಕ ಮಾತ್ರ ಬದಲಾಯಿಸಿ, ಕವರ್ ಒಳಗೆ ಒರೆಸಿ ಗಾಳಿಗೆ ಹಾಕಿ, ಇನ್ನೊಂದು ಕವರ್ ತೊಡಿಸಿ. ಕಕ್ಕ ತಾಗಿದರೆ ಮಾತ್ರ ಕವರ್ ಒಗೆಯೋಕೆ ಹೋಗುತ್ತೆ.

ಲೆಕ್ಕ ಹೀಗೆ. ಹಸುಗೂಸಿಗೆ ದಿನಕ್ಕೆ 10ರಿಂದ 12 ಬಾರಿ ಬದಲಾಯಿಸಬೇಕಾಗುತ್ತೆ. ಮಳೆಗಾಲದಲ್ಲಿ ಒಂದು ದಿನದ್ದು ಮೈಮೇಲೆ, ಎರಡು ದಿನದ್ದು ಹಗ್ಗದ ಮೇಲೆ. ಹಾಗಾಗಿ 36 ಚೌಕ. ಕವರ್ 6: ಮೂರು ನ್ಯೂಬಾರ್ನ್ ಸೈಜ್, ಮಗು ಬೆಳೆದ ಮೇಲೆ ಹಾಕಲು ಮೂರು ಒನ್ ಸೈಜ್. ಬಿಸಿಲಿರುವ ಊರಾಗಿದ್ದರೆ 24 ಚೌಕ ಸಾಕಾಗುತ್ತಿತ್ತು.

ಚೌಕಗಳನ್ನು ರೆಡಿಮೇಡ್ ತಗೊಳ್ಳುವ ಅಗತ್ಯವಿಲ್ಲ. ಬಣ್ಣ ಹಾಕದ ಹತ್ತಿಯ ಮಲ್ ಬಟ್ಟೆ ತಂದು 29 ಇಂಚಿನ ಚೌಕ ಕತ್ತರಿಸಿ ಅಂಚು ಹೊಲಿಸಿ. ಒಗೆದು ಕುಗ್ಗಿದ ಮೇಲೆ 27 ಇಂಚಿನ ಆಸುಪಾಸಿಗೆ ಬರುತ್ತೆ. 58 ಇಂಚು ಪನ್ನದ ಬಟ್ಟೆ ಸಿಕ್ಕರೆ ಅಗಲಕ್ಕೆ ಎರಡು ಬರುತ್ತವೆ, 36 ಚೌಕಕ್ಕೆ ಹದಿಮೂರೂವರೆ ಮೀಟರ್. 36 ಇಂಚು ಪನ್ನದ್ದಾದರೆ 27 ಮೀಟರ್ ಬೇಕು, ಪಕ್ಕದ ತುಂಡು ದಂಡ (ಒರೆಸೋಕೆ ಇಟ್ಟುಕೊಳ್ಳಿ, ಅದೂ ಬೇಕಾಗುತ್ತೆ). ಮನೆಯಲ್ಲಿ ಹಳೆಯ ಹತ್ತಿ ಸೀರೆ, ಪಂಚೆ ಇದ್ದರೆ ಇನ್ನೂ ಒಳ್ಳೆಯದು. ಹಲವಾರು ಸಲ ಒಗೆದು ಅದರ ಗಂಜಿ, ಎಣ್ಣೆ ಎಲ್ಲ ಆಗಲೇ ಹೋಗಿರುತ್ತೆ. ಹೊಸ ಹತ್ತಿ ಐದಾರು ಒಗೆತ ಕಾಣುವವರೆಗೆ ಸರಿಯಾಗಿ ಹೀರಲ್ಲ. ಹೆರಿಗೆಗೆ ಮುಂಚೆಯೇ ಆ ಕೆಲಸ ಮುಗಿಸಿ.

ಮಡಿಸೋದು: ಚೌಕವನ್ನು ಅರ್ಧ ಮಾಡಿ, ಮತ್ತೆ ಅರ್ಧ ಮಾಡಿ, ಹದಿಮೂರೂವರೆ ಇಂಚಿನ ಪುಟ್ಟ ಚೌಕ, ನಾಲ್ಕು ಪದರ. ಅದನ್ನು ಮೂರು ಪಾಲಾಗಿ ಮಡಿಸಿದರೆ ನಾಲ್ಕೂವರೆ ಇಂಚು ಅಗಲದ, 12 ಪದರದ ಪಟ್ಟಿ. ಕವರ್ ಒಳಗೆ ಉದ್ದಕ್ಕೆ ಹಾಸಿ. ಉದ್ದ ಹೆಚ್ಚಾದದ್ದನ್ನು ಗಂಡು ಮಗುವಾದರೆ ಮುಂದಕ್ಕೆ, ಹೆಣ್ಣಾದರೆ ನಡುವಿಗೆ ಮಡಚಿ. ಹೊಕ್ಕುಳಬಳ್ಳಿ ಬೀಳುವವರೆಗೆ, ಅಂದರೆ ಒಂದೆರಡು ವಾರ, ಮುಂಭಾಗ ಹೊಕ್ಕುಳಿಗಿಂತ ಕೆಳಗೇ ನಿಲ್ಲಬೇಕು.

ತೊಡಿಸಿದ ಮೇಲೆ ಮೂರು ಕಡೆ ಕಣ್ಣು ಹಾಯಿಸಿ. ಎಲಾಸ್ಟಿಕ್ ತೊಡೆಯ ಮೇಲಲ್ಲ, ಚಡ್ಡಿಯ ಅಂಚು ಕೂರುವ ಸಂದಿಯಲ್ಲೇ ಕೂತಿರಬೇಕು. ಹೊಟ್ಟೆ ಹತ್ತಿರ ಎರಡು ಬೆರಳು ಹೋಗಬೇಕು. ಒಳಗಿನ ಹತ್ತಿ ಎಲ್ಲೂ ಅಂಚಿನಿಂದ ಇಣುಕಬಾರದು. ಒಂದು ಎಳೆ ಹೊರಗಿದ್ದರೂ ಅರ್ಧ ಗಂಟೆಯಲ್ಲಿ ಅಂಗಿ, ಹಾಸಿಗೆ ಎಲ್ಲ ಒದ್ದೆ. ಗಂಡು ಮಗುವಾದರೆ ಉಚ್ಚೆ ಹೊಯ್ಯುವ ಅಂಗವನ್ನು ಕೆಳಮುಖವಾಗಿ ಇಟ್ಟು ಕಟ್ಟಿ, ಇಲ್ಲವಾದರೆ ಹೊಟ್ಟೆ ಕಡೆಯಿಂದ ಸೋರುತ್ತೆ.

ಮೊದಲ ಎರಡು ಮೂರು ದಿನದ ಕಪ್ಪು ಕಕ್ಕ ಅಂಟಿನಂತಿರುತ್ತೆ, ಬಟ್ಟೆಯ ಕಲೆ ಪೂರ್ತಿ ಹೋಗಲ್ಲ. ಅದಕ್ಕೆ ಹರಿದ ಪಂಚೆಯ ತುಂಡೇ ಸರಿ, ಬಳಸಿ ಬಿಸಾಡಿ. ಅಂಡಿಗೆ ಮುಂಚೆಯೇ ತೆಳ್ಳಗೆ ಕೊಬ್ಬರಿ ಎಣ್ಣೆ ಸವರಿದ್ದರೆ ಒರೆಸೋದು ಸಲೀಸು. ಬಟ್ಟೆಯಲ್ಲಿ ಇನ್ನೊಂದು ಉಪಯೋಗ ಇದೆ: ಮಗು ಎಷ್ಟು ಸಲ ಉಚ್ಚೆ ಹೊಯ್ದಿತು ಅಂತ ಲೆಕ್ಕ ಸಿಗುತ್ತೆ. ಐದಾರನೇ ದಿನದಿಂದ ದಿನಕ್ಕೆ ಆರಾದರೂ ಒದ್ದೆ ಬಟ್ಟೆ ಬಂದರೆ ಹಾಲು ಸಾಲುತ್ತಿದೆ ಅಂತ ತಿಳಿಯಬಹುದು. ಮೊದಲ ಕೆಲವು ದಿನ ಇಟ್ಟಿಗೆ ಬಣ್ಣದ ಕಲೆ ಕಾಣಬಹುದು, ಅದು ಯೂರಿಕ್ ಆಮ್ಲದ ಹರಳು. ಐದನೇ ದಿನದ ನಂತರವೂ ಕಾಣುತ್ತಿದ್ದರೆ ಮಕ್ಕಳ ಡಾಕ್ಟರಿಗೆ ತೋರಿಸಿ.

ಬಚ್ಚಲೊಲೆ ಉತ್ತರ:

ಒಣಗಿಸೋ ವಿಷಯ ನಾನು ಹೇಳ್ತೇನೆ. ಆಗುಂಬೆ ಕಡೆ ಮಳೆ ಹಿಡಿದರೆ ಹೊರಗೆ ಹಾಕೋ ಮಾತೇ ಇಲ್ಲ ಮಾರಾಯ್ರೆ.

ಬಟ್ಟೆ ಎಷ್ಟು ಪದರ ಒಟ್ಟಿಗೆ ಹೊಲಿದಿದೆ ಅನ್ನೋದರ ಮೇಲೆ ಎಲ್ಲಾ ನಿಂತಿದೆ. ಒಂದೇ ಪದರದ ಚೌಕ ಬಿಡಿಸಿ ಹಾಕಿದರೆ ಫ್ಯಾನಿನ ಗಾಳಿಗೆ ಒಂದು ರಾತ್ರಿಯಲ್ಲಿ ಒಣಗ್ತದೆ. ಅದೇ ಹತ್ತಿ ಆರು ಪದರ ಸೇರಿಸಿ ಹೊಲಿದ ಇನ್ಸರ್ಟ್ (ಡೈಪರಿನೊಳಗೆ ಇಡೋ ಹೀರುವ ಪಟ್ಟಿ) ಆದರೆ ಎರಡು ದಿನಕ್ಕೂ ನಡುವೆ ಹಸಿ ಉಳೀತದೆ. ಎಲ್ಲಾ ಒಂದೇ ತುಂಡಿನಲ್ಲಿ ಹೊಲಿದ ಆಲ್ ಇನ್ ಒನ್ ಡೈಪರನ್ನಂತೂ ಜೂನ್‌ನಿಂದ ಆಗಸ್ಟ್‌ವರೆಗೆ ಬಳಸೋ ಯೋಚನೆಯೂ ಬೇಡ.

ಬಚ್ಚಲೊಲೆ ಇರುವ ಮನೆಯಾದರೆ ಹಂಡೆಯಿಂದ ನಾಲ್ಕೈದು ಅಡಿ ಮೇಲೆ, ಸ್ವಲ್ಪ ಪಕ್ಕಕ್ಕೆ ಎರಡು ಹಗ್ಗ ಕಟ್ಟಿ. ಹೊಗೆ ನೇರ ತಾಗುವ ಜಾಗ ಬೇಡ. ವಾಸನೆ ಹಿಡೀತದೆ, ಬಟ್ಟೆ ಹಳದಿ ಆಗ್ತದೆ. ಅಲ್ಲಿ ಚೌಕ ಮಾತ್ರ. ಕವರನ್ನು ಒಲೆ ಹತ್ತಿರ ತರಲೇಬೇಡಿ, ಪೊರೆ ಬಿಟ್ಟುಕೊಂಡು ಗುಳ್ಳೆ ಏಳ್ತದೆ. ಕವರಿಗೆ ಅಷ್ಟು ಬಿಸಿ ಬೇಕಾಗಿಯೂ ಇಲ್ಲ, ಕೊಡವಿ ಜಗಲಿಯಲ್ಲಿ ಹಾಕಿದರೆ ಆಯ್ತು. ಎಲಾಸ್ಟಿಕ್ ಎರಡೂ ಬದಿ ಹಗ್ಗದ ಮೇಲೆ ಬರುವ ಹಾಗೆ ಅಡ್ಡ ಹಾಕಿ. ಒಂದು ತುದಿ ಹಿಡಿದು ನೇತು ಹಾಕಿದರೆ ನೀರಿನ ಭಾರಕ್ಕೆ ಎಲಾಸ್ಟಿಕ್ ಸಡಿಲ ಆಗ್ತದೆ.

ಹಿಂಡೋದರಲ್ಲೇ ಅರ್ಧ ಒಣಗಿಸಬೇಕು. ಚೌಕ ಹಿಂಡಿದ ಮೇಲೆ ಒಣ ಟರ್ಕಿ ಟವೆಲಿನಲ್ಲಿ ಸುತ್ತಿ ಮತ್ತೊಮ್ಮೆ ತಿರುವಿ. ಕೊನೆಗೆ ಮಡಿಸುವ ಮುಂಚೆ ಇಸ್ತ್ರಿ. ಮುಟ್ಟಿದರೆ ತಣ್ಣಗೆ ಅನಿಸುವ ಬಟ್ಟೆ ಇನ್ನೂ ಒಣಗಿಲ್ಲ ಅಂತಲೇ ಅರ್ಥ. ಹಾಗೇ ಮಡಿಸಿಟ್ಟರೆ ಮೂರನೇ ದಿನಕ್ಕೆ ಬೂಷ್ಟು, ಆ ಕರಿ ಚುಕ್ಕೆ ಆಮೇಲೆ ಏನು ಮಾಡಿದರೂ ಹೋಗೋದಿಲ್ಲ. ಕವರಿಗೆ ಮಾತ್ರ ಇಸ್ತ್ರಿ ತೋರಿಸಬೇಡಿ.

ಇನ್ನೊಂದು, ಹಗಲಲ್ಲಿ ಕವರ್ ಇಲ್ಲದೆ ರಬ್ಬರ್ ಶೀಟ್ ಮೇಲೆ ಬಟ್ಟೆ ಹಾಸಿ ಮಲಗಿಸೋ ಹಳೇ ಪದ್ಧತಿ ಬಿಡಬೇಡಿ. ಚರ್ಮಕ್ಕೆ ಗಾಳಿ ಸಿಗ್ತದೆ, ಕವರಿನ ಸಂಖ್ಯೆಯೂ ಕಡಿಮೆ ಸಾಕು.

ಗಡಸುನೀರು ಉತ್ತರ:

ಬೆಂಗಳೂರಿನ ಭಾಗಕ್ಕೆ ಬರೋಣ. ಬಟ್ಟೆ ಡೈಪರ್ ಬಿಟ್ಟುಬಿಡುವವರಲ್ಲಿ ಹೆಚ್ಚಿನವರು ಬಿಡುವುದು ವಾಸನೆಗೆ. ವಾಸನೆಗೆ ಕಾರಣ ಬಟ್ಟೆಯಲ್ಲ, ನೀರಿಗೆ ತಕ್ಕಷ್ಟು ಡಿಟರ್ಜೆಂಟ್ ಹಾಕದೇ ಇರೋದು.

ನೀರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಡಿಟರ್ಜೆಂಟಿನ ಒಂದು ಪಾಲನ್ನು ತಾವೇ ನುಂಗುತ್ತವೆ. ಉಳಿದದ್ದು ಉಚ್ಚೆ ತೆಗೆಯೋಕೆ ಸಾಲಲ್ಲ. ಪದರದೊಳಗೆ ಉಳಿದ ಬ್ಯಾಕ್ಟೀರಿಯಾ ಉಚ್ಚೆಯ ಯೂರಿಯಾವನ್ನು ಅಮೋನಿಯಾ ಮಾಡುತ್ತವೆ. ಹಾಗಾಗಿಯೇ ಒಣಗಿದಾಗ ಏನೂ ವಾಸನೆ ಇರಲ್ಲ, ಮಗು ಒಮ್ಮೆ ಉಚ್ಚೆ ಹೊಯ್ದ ತಕ್ಷಣ ಕಣ್ಣು ಉರಿಯುವ ಹಾಗೆ ಏಳುತ್ತೆ.

ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಒಟ್ಟು ಗಡಸುತನಕ್ಕೆ ಲೀಟರಿಗೆ 200 ಮಿಲಿಗ್ರಾಂ ಮಿತಿ, ಬೇರೆ ದಾರಿ ಇಲ್ಲದಿದ್ದರೆ 600. ಬೋರ್‌ವೆಲ್ಲಿನಲ್ಲಿ 300 ದಾಟುವುದು ಹೊಸದಲ್ಲ. ನಿಮ್ಮ ಅಸೋಸಿಯೇಷನ್ ಹತ್ತಿರ ನೀರಿನ ಪರೀಕ್ಷೆ ವರದಿ ಇದ್ದೇ ಇರುತ್ತೆ, "ಟೋಟಲ್ ಹಾರ್ಡ್‌ನೆಸ್" ಸಾಲು ನೋಡಿ. ಟಿಡಿಎಸ್ ಮೀಟರಿನ ಅಂಕಿ ಇದಲ್ಲ; ಅದು ಕರಗಿದ ಎಲ್ಲ ಲವಣವನ್ನೂ ಸೇರಿಸಿ ಹೇಳುತ್ತೆ.

300ರ ನೀರನ್ನು ಮೆತ್ತಗೆ ಮಾಡಲು ಲೀಟರಿಗೆ ಸುಮಾರು 0.3 ಗ್ರಾಂ ವಾಷಿಂಗ್ ಸೋಡಾ ಬೇಕು. ಟಾಪ್ ಲೋಡ್ ಒಂದು ಸುತ್ತಿಗೆ 50 ಲೀಟರ್ ಹಿಡಿದರೆ 15 ಗ್ರಾಂ. ಒಂದು ದೊಡ್ಡ ಚಮಚ ತುಂಬ ಹಾಕಿದರೆ ಸರಿಹೋಗುತ್ತೆ. ಅಡುಗೆ ಸೋಡಾ ಬೇರೆ, ಅದು ಈ ಕೆಲಸ ಮಾಡಲ್ಲ.

ಒಗೆಯುವ ಕ್ರಮ:

ಒದ್ದೆ ಡೈಪರನ್ನು ಬಕೆಟ್ ನೀರಲ್ಲಿ ನೆನೆಹಾಕಿಡಬೇಡಿ. ನೀರು ನಾರುತ್ತೆ, ಎಲಾಸ್ಟಿಕ್ ಹಾಳು, ಅಂಬೆಗಾಲಿಡುವ ಮಗುವಿರುವ ಮನೆಯಲ್ಲಿ ತುಂಬಿದ ಬಕೆಟ್ ಅಪಾಯವೂ ಹೌದು. ತೂತಿರುವ ಬುಟ್ಟಿಯಲ್ಲಿ ಒಣದಾಗಿ ಹಾಕಿಡಿ. ರಾತ್ರಿಯದ್ದನ್ನು ಮಾತ್ರ ಬೆಳಗ್ಗೆ ನಲ್ಲಿ ಕೆಳಗೆ ಜಾಲಿಸಿ ಹಿಂಡಿ ಹಾಕಿ. ಎರಡು ದಿನಕ್ಕಿಂತ ಹೆಚ್ಚು ಕೂಡಿಡಬೇಡಿ.

ಎದೆಹಾಲು ಮಾತ್ರ ಕುಡಿಯುವ ಮಗುವಿನ ಕಕ್ಕ ನೀರಲ್ಲಿ ಕರಗುತ್ತೆ, ಹಾಗೇ ಮಷೀನಿಗೆ ಹಾಕಿದರೂ ತೊಂದರೆಯಿಲ್ಲ. ಆರು ತಿಂಗಳಿಗೆ ರಾಗಿ ಸರಿ ಶುರುವಾದ ಮೇಲೆ ಹಾಗಾಗಲ್ಲ. ಕಮೋಡಿಗೆ ಕೊಡವಿ, ಟಾಯ್ಲೆಟ್ಟಿನ ಜೆಟ್ ಸ್ಪ್ರೇಯಿಂದಲೇ ಒತ್ತಿ ತೊಳೆಯಿರಿ. ಹೊರದೇಶದವರು ಇದಕ್ಕಂತಲೇ "ಡೈಪರ್ ಸ್ಪ್ರೇಯರ್" ಕೊಳ್ಳುತ್ತಾರೆ, ನಮ್ಮ ಬಾತ್‌ರೂಮಿನಲ್ಲಿ ಅದು ಮೊದಲೇ ಇದೆ.

ಮೊದಲು ಚಿಕ್ಕ ಸುತ್ತು: 15 ನಿಮಿಷ, ತಣ್ಣೀರು, ಅರ್ಧ ಪ್ರಮಾಣದ ಡಿಟರ್ಜೆಂಟ್, ನೀರು ಹೊರಗೆ. ಕೊಳೆ ನೀರಿನಲ್ಲೇ ಮುಖ್ಯ ಒಗೆತ ಆಗಬಾರದು ಅಂತ ಇದು. ಆಮೇಲೆ ಮುಖ್ಯ ಸುತ್ತು: ಇರುವುದರಲ್ಲಿ ಉದ್ದದ ಪ್ರೋಗ್ರಾಂ, ತುಂಬ ಕೊಳೆಯಾದ ಬಟ್ಟೆಗೆ ಪ್ಯಾಕೆಟ್ಟಿನಲ್ಲಿ ಹೇಳಿದ ಪೂರ್ತಿ ಡಿಟರ್ಜೆಂಟ್, ವಾಷಿಂಗ್ ಸೋಡಾ. ಹೀಟರ್ ಇಲ್ಲವಲ್ಲ, ಗೀಸರಿನಿಂದ ಎರಡು ಬಕೆಟ್ ಬಿಸಿನೀರು ನೀವೇ ಸುರಿಯಿರಿ. ತಣ್ಣೀರು ಸೇರಿ 40, 45 ಡಿಗ್ರಿ ಆದರೆ ಸಾಕು. ಡ್ರಮ್ ಮುಕ್ಕಾಲು ತುಂಬಿರಲಿ. ಡೈಪರ್ ಕಡಿಮೆ ಇದ್ದರೆ ಮಗುವಿನ ಅಂಗಿ, ಟವೆಲ್ ಈ ಸುತ್ತಿಗೆ ಸೇರಿಸಿ. ಬಟ್ಟೆಗೆ ಬಟ್ಟೆ ಉಜ್ಜಿದರೇ ಕೊಳೆ ಬಿಡೋದು.

ನೊರೆ ನೋಡಿ ಹೆದರಿ ನಾಲ್ಕೈದು ಸಲ ಜಾಲಿಸುವ ಅಭ್ಯಾಸ ಬೇಡ. ಗಡಸು ನೀರಲ್ಲಿ ಪ್ರತಿ ಜಾಲಿಕೆಯೂ ಒಂದಿಷ್ಟು ಸುಣ್ಣದ ಅಂಶ ವಾಪಸ್ ಬಟ್ಟೆಗೆ ಸೇರಿಸುತ್ತೆ. ಎರಡು ಸಲ ಸಾಕು. ನಿಮ್ಮ ಕಡೆ ಯಾವತ್ತಾದರೂ ಕಾವೇರಿ ನೀರು ಬರುವುದಿದ್ದರೆ ಆ ದಿನ ಎರಡು ಬಕೆಟ್ ಹಿಡಿದಿಟ್ಟು ಕೊನೆಯ ಜಾಲಿಕೆಗೆ ಬಳಸಿದರೆ ಬಹಳ ವ್ಯತ್ಯಾಸ ಆಗುತ್ತೆ.

ಬಿಸಿಲಿಗೆ ಹಾಕಿದ ಇನ್ಸರ್ಟ್ ಹಪ್ಪಳದ ಹಾಗೆ ಗರಿಗರಿ ಆದರೆ ಮುದ್ದೆ ಮಾಡಿ ಉಜ್ಜಿ ನೋಡಿ. ಮೆತ್ತಗಾದರೆ ಏನೂ ಆಗಿಲ್ಲ, ಗಾಳಿ ಇಲ್ಲದೆ ಒಣಗಿದೆ ಅಷ್ಟೇ. ಮೆತ್ತಗಾಗದೆ ನೀರನ್ನೂ ನಿಧಾನ ಹೀರುತ್ತಿದ್ದರೆ ಲವಣ ಕೂತಿದೆ. ಆಗ ಹತ್ತು ಲೀಟರ್ ಬಿಸಿನೀರಿಗೆ 20 ಗ್ರಾಂ ಸಿಟ್ರಿಕ್ ಆಸಿಡ್, ಅಂದರೆ ದಿನಸಿ ಅಂಗಡಿಯ ನಿಂಬೆ ಉಪ್ಪು, ಹಾಕಿ ಹತ್ತಿಯ ಇನ್ಸರ್ಟ್ ಮಾತ್ರ ಒಂದು ಗಂಟೆ ನೆನೆಸಿ, ಆಮೇಲೆ ಮಾಮೂಲಿನಂತೆ ಒಗೆಯಿರಿ. ಅದರ ಜೊತೆ ಸೋಡಾ ಹಾಕಿದರೆ ಎರಡೂ ಕೊಂದುಕೊಂಡು ಬರೀ ಗುಳ್ಳೆ ಉಳಿಯುತ್ತೆ. ಬ್ಲೀಚಿಂಗ್ ಪೌಡರನ್ನು ಉಚ್ಚೆ ಬಟ್ಟೆಗೂ, ನಿಂಬೆ ಉಪ್ಪಿಗೂ ಸೇರಿಸಲೇಬೇಡಿ, ವಿಷದ ಗಾಳಿ ಏಳುತ್ತೆ.

ಫ್ಯಾಬ್ರಿಕ್ ಕಂಡೀಷನರ್ ಯಾವತ್ತೂ ಬೇಡ. ಎಳೆಗಳ ಮೇಲೆ ಪೊರೆ ಕಟ್ಟಿ ಹೀರುವ ಗುಣವನ್ನೇ ಕೆಡಿಸುತ್ತೆ. ಜಿಂಕ್ ಇರುವ ರ‍್ಯಾಶ್ ಕ್ರೀಮ್, ಪೆಟ್ರೋಲಿಯಂ ಜೆಲ್ಲಿಯೂ ಅಷ್ಟೇ. ಹಚ್ಚಲೇಬೇಕಾದ ದಿನ ನಡುವೆ ಒಂದು ತುಂಡು ಹಳೇ ಮಲ್ ಬಟ್ಟೆ ಹಾಸಿ.

ಕಾಜ_ಗುಂಡಿ ಉತ್ತರ:

ಪ್ಯಾಡ್ ಬಗ್ಗೆ. ಹೆರಿಗೆ ಆದ ತಕ್ಷಣಕ್ಕೆ ಬಟ್ಟೆ ಪ್ಯಾಡ್ ಬೇಡ ಅಂತಲೇ ನನ್ನ ಅಭಿಪ್ರಾಯ, ಸಹಜ ಹೆರಿಗೆಯಾಗಲಿ ಸಿಸೇರಿಯನ್ ಆಗಲಿ. ಮೊದಲ ವಾರ ಸ್ರಾವ ಹೆಚ್ಚು, ಹೊಲಿಗೆ ಹಸಿ, ಎಷ್ಟು ಹೋಗುತ್ತಿದೆ ಅಂತ ನರ್ಸ್ ನೋಡಬೇಕಾಗುತ್ತೆ. ಮೇಲಾಗಿ ಒಗೆಯೋಕೆ ನಿಮ್ಮಿಂದ ಆಗಲ್ಲ, ಮಗುವಿನ ಬಟ್ಟೆಯೇ ರಾಶಿ ಇರುತ್ತೆ. ಬಿಸಾಡುವ ಉದ್ದನೆಯ ಮೆಟರ್ನಿಟಿ ಪ್ಯಾಡ್ ಎರಡು ಪ್ಯಾಕೆಟ್ ಇಟ್ಟುಕೊಳ್ಳಿ. ಎಂಟು ಹತ್ತು ದಿನದ ನಂತರ ಸ್ರಾವ ಇಳಿದು ಬಣ್ಣ ತಿಳಿಯಾಗುತ್ತೆ, ಆಗ ಬಟ್ಟೆಗೆ ಬನ್ನಿ. ನಾಲ್ಕರಿಂದ ಆರು ವಾರ ಹೀಗೆ ಹೋಗುತ್ತಿರುತ್ತೆ. ಮುಟ್ಟಿನ ಕಪ್ ಆರು ವಾರದ ತಪಾಸಣೆ ಮುಗಿಯುವವರೆಗೆ ಬೇಡವೇ ಬೇಡ.

ಒಂದು ಗಂಟೆಗೆ ಒಂದು ಪ್ಯಾಡ್ ಪೂರ್ತಿ ನೆನೆಯುತ್ತಿದ್ದರೆ, ದೊಡ್ಡ ಹೆಪ್ಪು ಬಿದ್ದರೆ, ಕೆಟ್ಟ ವಾಸನೆ ಅಥವಾ ಜ್ವರ ಇದ್ದರೆ ಯಾರ ಉತ್ತರಕ್ಕೂ ಕಾಯದೆ ಆಸ್ಪತ್ರೆಗೆ ಹೋಗಿ. ಇದೇ ಕಾರಣಕ್ಕೆ ಬಾಣಂತನದ ಪ್ಯಾಡಿನ ಮೇಲ್ಪದರ ತಿಳಿ ಬಣ್ಣದ್ದಿರಲಿ. ಕಲೆ ಕಾಣದಿರಲಿ ಅಂತ ಕಪ್ಪು, ಮರೂನ್ ಬಣ್ಣದಲ್ಲಿ ಮಾರುತ್ತಾರೆ. ಅದರಲ್ಲಿ ಸ್ರಾವದ ಬಣ್ಣ ಗೊತ್ತಾಗಲ್ಲ.

ಮಳೆಗಾಲಕ್ಕೆ 8 ದೊಡ್ಡವು (12ರಿಂದ 13 ಇಂಚು), 4 ಸಾಧಾರಣದವು (10 ಇಂಚು). ಆಮೇಲೆ ಮುಟ್ಟು ಮರಳಿದಾಗ ಇವೇ ಸಾಕು. ಕೊಳ್ಳುವುದಾದರೆ ಆರೋವಿಲ್‌ನ ಇಕೋಫೆಮ್‌ನವರ ಹತ್ತಿಯ ಪ್ಯಾಡುಗಳು ಬಹಳ ವರ್ಷದಿಂದ ಇವೆ, ಬಾಳೆನಾರು ತುಂಬಿದ ಸೌಖ್ಯಂ ಇದೆ. ಮತ್ತೆ ಬಳಸುವ ಪ್ಯಾಡಿಗೆ ಐಎಸ್ 17514 ಅಂತ 2021ರಲ್ಲಿ ಭಾರತೀಯ ಮಾನಕ ಬಂದಿದೆ, ಹೊಸ ಕಂಪನಿಯದ್ದಾದರೆ ಆ ಅಂಕಿ ಇದೆಯಾ ಕೇಳಿ.

ಹೊಲಿಯುವುದಾದರೆ ನಡುವಿನ ಹೀರುವ ಪಟ್ಟಿ 10 ಇಂಚು ಉದ್ದ, ಎರಡೂ ಮುಕ್ಕಾಲು ಇಂಚು ಅಗಲ. ಅದಕ್ಕಿಂತ ಅಗಲ ಮಾಡಿದರೆ ತೊಡೆ ನಡುವೆ ಮುದುಡಿ ದೋಣಿಯಾಗಿ ಪಕ್ಕದಿಂದ ಸೋರುತ್ತೆ. ಎರಡು ಪದರ ಟರ್ಕಿ ಟವೆಲ್, ಎರಡು ಪದರ ಹತ್ತಿ ಫ್ಲಾನೆಲ್; ರಾತ್ರಿಯದ್ದಕ್ಕೆ ಟರ್ಕಿ ಒಂದು ಪದರ ಜಾಸ್ತಿ, ಉದ್ದ 13. ಮೇಲೆ ಫ್ಲಾನೆಲ್, ಕೆಳಗೆ ಪಿಯುಎಲ್, ಹೊಳಪಿನ ಮೈ ಒಳಮುಖ. ಹತ್ತಿ ಎಲ್ಲವನ್ನೂ ಕತ್ತರಿಸುವ ಮುಂಚೆಯೇ ಬಿಸಿನೀರಲ್ಲಿ ಒಗೆದು ಕುಗ್ಗಿಸಿ. ಪಿಯುಎಲ್ ಕುಗ್ಗಲ್ಲ, ಹತ್ತಿ ಆಮೇಲೆ ಕುಗ್ಗಿದರೆ ಪ್ಯಾಡ್ ಮುದುರಿಕೊಳ್ಳುತ್ತೆ.

ಹೀರುವ ಪಟ್ಟಿಯನ್ನು ಮೇಲ್ಪದರಕ್ಕೆ ಮಾತ್ರ ಹೊಲಿಯಿರಿ. ಸೂಜಿ ಪಿಯುಎಲ್ ದಾಟಿದ ಪ್ರತಿ ತೂತೂ ಸೋರುವ ದಾರಿ. ದಾರ ಪಾಲಿಯೆಸ್ಟರ್, ಹತ್ತಿ ದಾರ ರಕ್ತವನ್ನು ಹೊರಗೆ ಎಳೆಯುತ್ತೆ. ಹೊಲಿಗೆಯ ಉದ್ದ 3 ಮಿ.ಮೀ., ಇನ್ನೂ ಸಣ್ಣ ಮಾಡಿದರೆ ತೂತುಗಳ ಸಾಲು ಹರಿಯುತ್ತೆ. ಗುಂಡುಸೂಜಿ ಬದಲು ಬಟ್ಟೆ ಕ್ಲಿಪ್ ಹಾಕಿ. ಮಷೀನಿನ ಪಾದ ಪೊರೆಗೆ ಅಂಟಿ ಜಾರದಿದ್ದರೆ ನಡುವೆ ಬಟರ್ ಪೇಪರ್ ಇಟ್ಟು ಹೊಲಿದು ಆಮೇಲೆ ಹರಿದು ತೆಗೆಯಿರಿ. ಹೊಲಿದ ಮೇಲೆ ಒಳಗಿನ ಮೈ ಹೊರಗೆ ತಿರುವಿ ಹಾಕಲು ಹೊಲಿಯದೆ ಬಿಡುವ ಎರಡು ಇಂಚಿನ ಬಾಯಿ ನೇರ ಬದಿಯಲ್ಲಿರಲಿ, ರೆಕ್ಕೆಯ (ಚಡ್ಡಿಗೆ ಸುತ್ತಿ ಹಾಕುವ ಪಕ್ಕದ ಭಾಗ) ತಿರುವಿನಲ್ಲಿ ಬಿಟ್ಟರೆ ಮುಚ್ಚುವಾಗ ಸೊಟ್ಟ ಬರುತ್ತೆ. ಟಿಚ್ ಬಟನ್ ಹಾಕಿದಾಗ ಎರಡು ಬಟನ್ ಸಾಲಿನಲ್ಲಿಡಿ, ಅಗಲದ ಚಡ್ಡಿಗೂ ಕಿರಿದಕ್ಕೂ ಹೊಂದುತ್ತೆ.

ಒಗೆಯುವಾಗ ಮೊದಲು ತಣ್ಣೀರು, ಬಿಸಿನೀರು ಆಮೇಲೆ. ರಕ್ತದ ಪ್ರೋಟೀನ್ ಬಿಸಿಗೆ ಹೆಪ್ಪುಗಟ್ಟಿ ಎಳೆಯಲ್ಲಿ ಕೂರುತ್ತೆ, ಆ ಕಂದು ಕಲೆ ಹೋಗಲ್ಲ. ನಲ್ಲಿ ಕೆಳಗೆ ಹಿಂಡಿ, ಅರ್ಧ ಗಂಟೆ ತಣ್ಣೀರಲ್ಲಿ ನೆನೆಸಿ, ನೀರು ತಿಳಿಯಾದ ಮೇಲೆ ಡಿಟರ್ಜೆಂಟ್. ಬ್ರಷ್ ಹಾಕಿ ತಿಕ್ಕಬೇಡಿ, ಫ್ಲಾನೆಲ್ ಜುಂಜು ಏಳುತ್ತೆ. ಬೇರೆ ಬಟ್ಟೆಯ ಕೆಳಗೆ, ಮಂಚದ ಹಿಂದೆ ಪ್ಯಾಡನ್ನು ಬಚ್ಚಿಟ್ಟು ಒಣಗಿಸೋ ಅಭ್ಯಾಸ ಇದ್ದರೆ ಇವತ್ತಿಗೇ ಬಿಡಿ. ಹಸಿ ಉಳಿದ ಬಟ್ಟೆಯಿಂದ ಬರುವ ತುರಿಕೆ, ಫಂಗಸ್‌ಗೆ ಬಟ್ಟೆ ಪ್ಯಾಡ್ ಹೆಸರು ಕೆಡುತ್ತಿದೆ.

ಮಳೆ_ಬಾಣಂತನ:

ಇಷ್ಟು ವಿವರವಾಗಿ ಬರೆದಿದ್ದಕ್ಕೆ ಎಲ್ಲರಿಗೂ ಧನ್ಯವಾದ. 36 ಚೌಕಕ್ಕೆ ಬಟ್ಟೆ ತರಿಸುತ್ತಿದ್ದೇನೆ. ಇನ್ನು ಮೂರು ಸಂಶಯ. ಅತ್ತೆ ಪ್ರತಿ ಒಗೆತಕ್ಕೂ ಡೆಟಾಲ್ ಹಾಕಬೇಕು ಅಂತಾರೆ, ಅಮ್ಮ ಅಂಟುವಾಳಕಾಯಿ ಸಾಕು ಅಂತಾರೆ. ಈಗಾಗಲೇ ಕೊಂಡಿರುವ ಎರಡು ಪಾಕೆಟ್ ಡೈಪರಲ್ಲಿ ಮೈಕ್ರೋಫೈಬರ್ ಇನ್ಸರ್ಟ್ ಇದೆ, ಅದನ್ನು ಕವರಲ್ಲಿ ಹಾಗೇ ಹಾಸಬಹುದಾ? ದಪ್ಪ ಬಟ್ಟೆ ಕಟ್ಟಿದರೆ ಕಾಲು ಅಗಲ ಆಗಿ ನಡಿಗೆ ಕೆಡುತ್ತೆ ಅಂತ ದೊಡ್ಡಮ್ಮ ಹೇಳಿದರು, ನಿಜವಾ?

ಗಡಸುನೀರು:

ಡೆಟಾಲ್ ಬೇಡ. ಸರಿಯಾಗಿ ಒಗೆದು ಪೂರ್ತಿ ಒಣಗಿಸಿದ ಬಟ್ಟೆಗೆ ಅದರ ಅಗತ್ಯವಿಲ್ಲ, ಉಳಿದ ಅಂಶ ಮಗುವಿನ ಚರ್ಮಕ್ಕೆ ಉರಿ. ಅತ್ತೆಗೆ ಸಮಾಧಾನ ಆಗಬೇಕಿದ್ದರೆ ಮಗುವಿಗೆ ಭೇದಿ, ಫಂಗಸ್ ಆದಾಗ ಚೌಕಗಳನ್ನು ಹಂಡೆ ನೀರಲ್ಲಿ ಹತ್ತು ನಿಮಿಷ ಕುದಿಸಿ. ಬರೀ ಹತ್ತಿ ತಾನೆ, ಏನೂ ಆಗಲ್ಲ. ಅಂಟುವಾಳ ರೇಷ್ಮೆ ಸೀರೆಗೆ ಚೆನ್ನ. ಉಚ್ಚೆ ತುಂಬಿದ ಹನ್ನೆರಡು ಪದರ ಹತ್ತಿಗೆ, ಅದೂ ಬೋರ್‌ವೆಲ್ ನೀರಲ್ಲಿ, ಅದರ ಶಕ್ತಿ ಸಾಲಲ್ಲ.

ಬಚ್ಚಲೊಲೆ:

ಅಂಟುವಾಳದ ಮಾತಿಗೆ ಪೂರ್ತಿ ಒಪ್ಪೋದಿಲ್ಲ. ಊರಿನ ಮೆತ್ತನೆ ನೀರಲ್ಲಿ, ದಿನದ್ದು ದಿನವೇ ಕೈಯಲ್ಲಿ ತಿಕ್ಕಿ ಒಗೆದರೆ ಒಂದು ಪದರದ ಚೌಕಕ್ಕೆ ನಡೀತದೆ. ಬಿಡಿಸಿ ತಿಕ್ಕೋದರಿಂದಲೇ ಅರ್ಧ ಕೊಳೆ ಹೋಗ್ತದಲ್ಲ. ಆದರೆ ಬಿಸಿನೀರಲ್ಲಿ ಕುದಿಸಿ ರಸ ತೆಗೆದು ಹಾಕಬೇಕು, ಕಾಯಿ ಎರಡು ಎಸೆದರೆ ಆಗೋದಿಲ್ಲ. ಮಷೀನಿಗೆ, ಬೆಂಗಳೂರಿಗೆ ನೀವು ಹೇಳಿದ್ದೇ ಸರಿ.

ಹತ್ತಿ_ಚೌಕ:

ಮೈಕ್ರೋಫೈಬರ್ ಮೈಗೆ ನೇರ ತಾಗಬಾರದು. ಅದು ಉಚ್ಚೆಯ ಜೊತೆ ಚರ್ಮದ ತೇವವನ್ನೂ ಎಳೆದುಕೊಂಡು ಒಣಗಿಸಿ ಕೆಂಪು ಮಾಡುತ್ತೆ. ಪಾಕೆಟ್ಟಿನೊಳಗೇ ಇರಲಿ, ಅಥವಾ ಮೇಲೊಂದು ಮಲ್ ಚೌಕ ಹಾಸಿ. ಅದಕ್ಕೆ ಇನ್ನೊಂದು ದೋಷ: ಬೇಗ ಹೀರುತ್ತೆ, ಆದರೆ ಒತ್ತಿದರೆ ಬಿಟ್ಟುಬಿಡುತ್ತೆ. ಮಗು ಕೂರಲು ಶುರು ಮಾಡಿದಾಗ, ಎದೆಗೆ ಕಟ್ಟಿಕೊಂಡಾಗ ತೊಡೆ ಬದಿಯಿಂದ ಹಿಂಡಿದಂತೆ ಬರುತ್ತೆ. ರಾತ್ರಿಗೆ ಮೇಲೆ ಬೇಗ ಹೀರುವ ಮೈಕ್ರೋಫೈಬರ್, ಕೆಳಗೆ ನಿಧಾನ ಹೀರಿ ಹಿಡಿದಿಟ್ಟುಕೊಳ್ಳುವ ಹತ್ತಿಯ ಪಟ್ಟಿ, ಎರಡನ್ನೂ ಪಾಕೆಟ್ಟಿನೊಳಗೆ ಇದೇ ಕ್ರಮದಲ್ಲಿ ತೂರಿಸಿ. ತಿರುಗಾಮುರುಗಾ ಆದರೆ ಹತ್ತಿ ಹೀರುವಷ್ಟರಲ್ಲಿ ಹೊರಗೆ ಹರಿದಿರುತ್ತೆ.

ಕಾಲಿನ ವಿಷಯದಲ್ಲಿ ದೊಡ್ಡಮ್ಮನ ಭಯ ಉಲ್ಟಾ ಇದೆ. ಮೊಣಕಾಲು ಮಡಚಿ ತೊಡೆ ಅಗಲವಾಗಿರುವುದು ಹಸುಗೂಸಿನ ಸೊಂಟದ ಕೀಲಿಗೆ ಒಳ್ಳೆಯದೇ. ಕೀಲು ಜಾರುವ ಅಪಾಯ ಇರೋದು ಎರಡೂ ಕಾಲು ನೇರ ಎಳೆದು ಬಿಗಿಯಾಗಿ ಬಟ್ಟೆ ಸುತ್ತಿದಾಗ. ಸುತ್ತುವುದಾದರೆ ಎದೆ, ತೋಳು ಸುತ್ತಿ, ಸೊಂಟದ ಕೆಳಗೆ ಸಡಿಲ ಬಿಡಿ.

ಕಾಜ_ಗುಂಡಿ:

ಎರಡು ಸಣ್ಣ ವಿಷಯ ಬಿಟ್ಟಿದ್ದೆ. ಅದೇ ಮಲ್ ಬಟ್ಟೆಯಲ್ಲಿ ನಿಮಗೂ ಚೌಕ ಹೊಲಿಸಿಕೊಂಡರೆ ಅಂಚಿಗೆ ಕೆಂಪು ದಾರ ಹಾಕಿಸಿ, ಮಗುವಿನದ್ದಕ್ಕೆ ಬಿಳಿ. ಒಗೆದು ಮಡಿಸುವ ಕೈ ಯಾರದ್ದಾದರೂ ಬೆರಕೆ ಆಗಲ್ಲ.

ಬೆಂಗಳೂರಲ್ಲಿ ಪ್ರಯಾಣಕ್ಕೆ, ಹುಷಾರಿಲ್ಲದ ದಿನಕ್ಕೆ ಬಿಸಾಡುವ ಡೈಪರ್ ಬಳಸಿದರೆ ಕಕ್ಕವನ್ನು ಕಮೋಡಿಗೆ ಹಾಕಿ, ಹಳೇ ಪೇಪರಲ್ಲಿ ಸುತ್ತಿ ಮೇಲೆ ಕೆಂಪು ಗುರುತು ಮಾಡಿ ಸ್ಯಾನಿಟರಿ ಕಸದ ಕೆಂಪು ಬುಟ್ಟಿಗೆ ಹಾಕಿ. ಹಸಿ ಕಸದ ಹಸಿರು ಬುಟ್ಟಿಗೂ ಅಲ್ಲ, ಒಣ ಕಸದ ಚೀಲಕ್ಕೂ ಅಲ್ಲ. ಒಣ ಕಸವನ್ನು ಆರಿಸುವವರು ಕೈಯಲ್ಲೇ ಬಿಡಿಸುತ್ತಾರೆ.